ಚೌಕದೊಳಗೊಂದು ಕನ್ನಡದ ದನಿ

ಮಧ್ಯಾಹ್ನ ಹನ್ನೆರಡೂವರೆಗೆ ಮುಂಬಯಿಯ ಬಾಂದ್ರಾ ಪೂರ್ವದ ಗಲ್ಲಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಾಲಿಕೆಯ ಶಾಲೆಗಳಲ್ಲಿ ಎರಡು ಪಾಳಿ. ಬೆಳಗಿನ ಪಾಳಿ ಬಿಡುವ ಹೊತ್ತೂ ಮಧ್ಯಾಹ್ನದ ಪಾಳಿ ಸೇರುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಬೆವರುತ್ತ ಹೊರಬರುವ ಮಕ್ಕಳ ಎದುರಿಗೇ, ತಲೆಗೆ ಎಣ್ಣೆ ತೀಡಿ ನೀಟಾಗಿ ಬೈತಲೆ ತೆಗೆಸಿಕೊಂಡ ಮಕ್ಕಳು ನುಗ್ಗುತ್ತವೆ. ಚೀಲ, ಬೂಟು, ಕೊಡೆ, ನೋಟುಪುಸ್ತಕ ಅಂತ 27 ವಸ್ತುಗಳನ್ನು ಪಾಲಿಕೆ ಪುಕ್ಕಟೆಯಾಗಿ ಕೊಡುತ್ತದೆ; ಹಾಗಾಗಿ ದೂರದಿಂದ ನೋಡಿದರೆ ಎಲ್ಲ ಬೆನ್ನುಗಳೂ ಒಂದೇ ತರ. ಹತ್ತಿರ ಬಂದಾಗ ಮಾತು ಬೇರೆಬೇರೆ. ಮರಾಠಿ, ಉರ್ದು, ಭೋಜಪುರಿ ಬೆರೆತ ಹಿಂದಿ, ನಡುವೆ ಒಮ್ಮೊಮ್ಮೆ ಕಲಬುರಗಿ ಕಡೆಯ ಕನ್ನಡ. ಈ ನಗರದ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂಬುದನ್ನು ಊರಿನ ಕಡೆಯವರಿಗೆ ಹೇಳಿದರೆ ಈಗಲೂ ನಂಬುವುದಿಲ್ಲ.

ನಿಲ್ದಾಣದ ಮಗ್ಗುಲಲ್ಲೇ ಬೆಹ್ರಾಮ್‌ಪಾಡಾ. ಒಂದರ ಮೇಲೊಂದು ಮನೆ ಏರಿಸಿ, ಮೇಲಿನ ಮನೆಗೆ ಹೊರಗಿನಿಂದಲೇ ಕಬ್ಬಿಣದ ಏಣಿ ಇಟ್ಟಿದ್ದಾರೆ. ಆ ಏಣಿಯ ಕೊನೇ ಮೆಟ್ಟಿಲಲ್ಲಿ ಕೂತು ಹುಡುಗಿಯೊಬ್ಬಳು ಮೊಬೈಲ್ ನೋಡುತ್ತ ಪಾಠ ಬರೆದುಕೊಳ್ಳುವುದು ಇಲ್ಲಿ ನಿತ್ಯ ಕಾಣುವ ನೋಟ. ಒಳಗೆ ಸಿಗ್ನಲ್ ಸಿಗುವುದಿಲ್ಲ, ಬೆಳಕೂ ಸಾಲದು. ಕೆಳಗೆ ವಡಾಪಾವ್ ಗಾಡಿ, ಕಬ್ಬಿನಹಾಲಿನ ಯಂತ್ರ, ಬಿಕೆಸಿಗೆ, ಅಂದರೆ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಹೋಗುವ ಶೇರಿಂಗ್ ಆಟೋಗಳ ಸಾಲು. ದಕ್ಷಿಣ ಮುಂಬಯಿಯೊಳಗೆ ಆಟೋಗೆ ಪ್ರವೇಶವಿಲ್ಲ. ಅವುಗಳ ಸೀಮೆ ಬಾಂದ್ರಾಕ್ಕೆ ಮುಗಿಯುತ್ತದೆ. ಅದಕ್ಕೇ ಇಲ್ಲಿ ಆಟೋಗಳ ಇಷ್ಟು ದಟ್ಟಣೆ.

ಈ ಗದ್ದಲದಲ್ಲಿ ಕಣ್ಣಿಗೆ ಪದೇಪದೇ ಬೀಳುವುದು ಒಂದು ಕಪ್ಪು-ಬಿಳಿ ಚೌಕ, ಅಂದರೆ ಕ್ಯೂಆರ್ ಕೋಡ್. ವಡಾಪಾವ್ ಗಾಡಿಯ ಗಾಜಿಗೆ ಅದು ಅಂಟಿಕೊಂಡಿದೆ, ಎಣ್ಣೆಯ ಜಿಡ್ಡು ಹತ್ತಿ ಹಳದಿಯಾಗಿದೆ. ಆಟೋದವನ ಸೀಟಿನ ಹಿಂದೆ ಇದೆ. ಚಪ್ಪಲಿ ಹೊಲಿಯುವವನು ತನ್ನ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾನೆ. ಹಳಿ ದಾಟಿ ಪಶ್ಚಿಮಕ್ಕೆ ಹೋಗಿ ಗುಡ್ಡ ಹತ್ತಿದರೆ, ಮೌಂಟ್ ಮೇರಿ ಚರ್ಚಿನ ಮುಂದೆ ಮೇಣದ ಬತ್ತಿ, ಮೇಣದ ಕೈಕಾಲು, ಮೇಣದ ಪುಟ್ಟ ಮನೆ ಮಾರುವ ಅಂಗಡಿಗಳಲ್ಲೂ ಇದೆ. ಯಾರೋ ಫೋನ್ ಹಿಡಿಯುತ್ತಾರೆ, ಪಕ್ಕದ ಪುಟ್ಟ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಹಿಂದಿಯಲ್ಲಿ ಕೂಗುತ್ತದೆ. ಗಿರಾಕಿ ನಡೆಯುತ್ತಾನೆ.

ಹಣದ ಈ ಏರ್ಪಾಡಿನ ಕೇಂದ್ರ ಕಚೇರಿ ಇರುವುದೂ ಇಲ್ಲೇ. ಕಲಾನಗರ ದಾಟಿ, ಮಿಠಿ ನದಿಯ ಬದಿಯ ಜೌಗುನೆಲವನ್ನು ಏರಿಸಿ ಕಟ್ಟಿದ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಬಂದರೆ, ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಅಲ್ಲಿನ ಗಾಜಿನ ಕಟ್ಟಡವೊಂದರಲ್ಲಿದೆ. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರುವಾಯಿತು. ಅದೇ ಸಂಕೀರ್ಣದಲ್ಲಿ ಷೇರುಪೇಟೆ, ವಜ್ರದ ಮಾರುಕಟ್ಟೆ, 2023ರ ಏಪ್ರಿಲ್ 18ರಂದು ಟಿಮ್ ಕುಕ್ ಖುದ್ದಾಗಿ ನಿಂತು ಬಾಗಿಲು ತೆರೆದ ಆಪಲ್ ಕಂಪನಿಯ ಭಾರತದ ಮೊದಲ ಮಳಿಗೆ. ಆ ಮಳಿಗೆಯ ಚಾವಣಿಗೆ ಸಣ್ಣ ಸಣ್ಣ ಮರದ ತುಂಡುಗಳನ್ನು ಜೋಡಿಸಿದ್ದಾರೆ, ತಲೆಯೆತ್ತಿ ನೋಡಿದರೆ ಕಣ್ಣು ಕೀಳಲಾಗದು. ಸ್ವಲ್ಪ ಆಚೆಗೆ ಅಮೆರಿಕನ್ ಸ್ಕೂಲ್ ಆಫ್ ಬಾಂಬೆ. ತರಗತಿಯಲ್ಲಿ ತಂತ್ರಜ್ಞಾನವನ್ನು ಹೇಗೆ ಬಳಸಬೇಕೆಂದು ಚರ್ಚಿಸಲು ದೇಶವಿದೇಶದ ಶಿಕ್ಷಕರನ್ನು ಕರೆದು ‘ಅನ್‌ಪ್ಲಗ್ಡ್’ ಎಂಬ ಸಮ್ಮೇಳನ ನಡೆಸಿದ ಶಾಲೆ ಅದು. ಹೀಗೆ ಶಿಕ್ಷಣ ತಂತ್ರಜ್ಞಾನದ ನಾಯಕತ್ವ ಅಂದರೆ ಏನು ಎಂದು ಕೇಳುವವರಿಗೆ ಬಾಂದ್ರಾದಲ್ಲಿ ಕೈತೋರಿಸಲು ಬೇಕಾದಷ್ಟು ಕಟ್ಟಡಗಳಿವೆ. ನನಗೆ ಮಾತ್ರ ಈ ಚೌಕಗಳನ್ನು ಕಂಡಾಗಲೆಲ್ಲ ಇಲ್ಲಿಂದ ಒಂದು ರಾತ್ರಿಯ ರೈಲುಪ್ರಯಾಣದಷ್ಟು ದೂರದ, ದನದ ಕೊಟ್ಟಿಗೆಯ ಪಕ್ಕದ ಒಂದು ಶಾಲೆ ನೆನಪಾಗುತ್ತದೆ.

ದಾದರ್‌ನಲ್ಲಿ ಸೋಲಾಪುರದ ಗಾಡಿ ಹತ್ತಿದರೆ ಪುಣೆ, ದೌಂಡ್ ಕಳೆದ ಮೇಲೆ ಕುರ್ಡುವಾಡಿ ಬರುತ್ತದೆ. ಅದು ಮಾಢಾ ತಾಲೂಕು. ಭೀಮಾ ನದಿಗೆ ಅಡ್ಡಲಾಗಿ ಉಜನಿ ಅಣೆಕಟ್ಟು ನಿಂತಿರುವುದು ಈ ಭಾಗದಲ್ಲೇ. ನೀರು ಸಿಕ್ಕ ಕಡೆ ಕಬ್ಬು, ಸಿಗದ ಕಡೆ ಜೋಳ, ಅದೂ ಇಲ್ಲದ ಕಡೆ ಬರೀ ಕಲ್ಲುಗರಸು. ಇದೇ ಭೀಮೆ ಮುಂದೆ ಹರಿದು ಅಫಜಲಪುರ, ಗಾಣಗಾಪುರ ಕಂಡು ಯಾದಗಿರಿಯ ಆಚೆ ಕೃಷ್ಣೆಯನ್ನು ಸೇರುತ್ತಾಳೆ. ಹೊಳೆಯ ದಂಡೆಯುದ್ದಕ್ಕೂ ಮರಾಠಿ, ಕನ್ನಡ ಎರಡೂ ಒಂದೇ ಮನೆಯಲ್ಲಿ ಬದುಕುತ್ತವೆ. ರಾಜ್ಯದ ಗಡಿರೇಖೆ ಎಳೆದವರಿಗೆ ಸಿಗದೆ ಉಳಿದುಕೊಂಡ ಮನೆಮಾತುಗಳು ಸೋಲಾಪುರ ಜಿಲ್ಲೆಯ ತುಂಬ ಇವೆ.

ಮಾಢಾ ತಾಲೂಕಿನ ಪರಿತೇವಾಡಿ ಅಂಥದೊಂದು ಸಣ್ಣ ಊರು. 2009ರಲ್ಲಿ ಅಲ್ಲಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ ಇಪ್ಪತ್ತೊಂದು ವರ್ಷ ವಯಸ್ಸಿನ ಒಬ್ಬ ಶಿಕ್ಷಕ ಬಂದರು. ಹೆಸರು ರಣಜಿತ್‌ಸಿಂಹ ಡಿಸಲೆ, ಊರು ಬಾರ್ಶಿ. ಅವರು ಆಗಬೇಕೆಂದಿದ್ದುದು ಐಟಿ ಎಂಜಿನಿಯರ್. ಎಂಜಿನಿಯರಿಂಗ್ ಕಾಲೇಜು ಹಿಡಿಸದೆ ಬಿಟ್ಟಾಗ, ಶಿಕ್ಷಕ ತರಬೇತಿಗೆ ಹೋಗಿ ನೋಡು ಎಂದವರು ತಂದೆ. ಕೆಲಸಕ್ಕೆ ಹಾಜರಾದಾಗ ಕಂಡ ಶಾಲೆ ಮುರುಕು ಕಟ್ಟಡ. ಒಂದು ಬದಿಗೆ ದನದ ಕೊಟ್ಟಿಗೆ, ಇನ್ನೊಂದು ಬದಿಗೆ ಉಗ್ರಾಣದ ಕೋಣೆ. ಹೆಣ್ಣುಮಕ್ಕಳ ಹಾಜರಿ ಕೆಲವೊಮ್ಮೆ ನೂರಕ್ಕೆ ಎರಡಕ್ಕೆ ಇಳಿಯುತ್ತಿತ್ತು. ಚಿಕ್ಕ ವಯಸ್ಸಿನಲ್ಲೇ ಮದುವೆ ಮಾಡಿಬಿಡುವುದು ಆ ಭಾಗದಲ್ಲಿ ರೂಢಿಯಾಗಿತ್ತು. ಶಾಲೆಗೆ ಬಂದ ಮಕ್ಕಳಿಗಾದರೂ ಪಾಠ ಹತ್ತುತ್ತಿತ್ತೇ ಎಂದರೆ ಅದೂ ಇಲ್ಲ. ಪುಸ್ತಕ ಒಂದು ಭಾಷೆಯಲ್ಲಿ, ಮಕ್ಕಳು ಮನೆಯಲ್ಲಿ ಆಡುವ ಮಾತು ಇನ್ನೊಂದು. ಆ ಮಾತು ಕನ್ನಡ.

ಇಲ್ಲಿಂದ ಮುಂದಿನ ಕತೆಯನ್ನು ಪತ್ರಿಕೆಗಳು ಸಾಮಾನ್ಯವಾಗಿ ಕ್ಯೂಆರ್ ಕೋಡಿನಿಂದ ಶುರು ಮಾಡುತ್ತವೆ. ನಾನು ಅದಕ್ಕೂ ಹಿಂದಿನ ಒಂದು ಹೆಜ್ಜೆಯಿಂದ ಶುರು ಮಾಡಬೇಕೆನ್ನುತ್ತೇನೆ. ಡಿಸಲೆ ಸರ್ ಆ ಹಳ್ಳಿಗೇ ಹೋಗಿ ನೆಲೆಸಿದರು, ಮಕ್ಕಳ ಮನೆಮಾತನ್ನು ಕಲಿತರು. ಮರಾಠಿ ಮನೆಯ ತರುಣ, ಸರಕಾರಿ ನೌಕರ, ಪಾಠವನ್ನು ಪುಸ್ತಕದಲ್ಲಿದ್ದ ಹಾಗೆ ಒಪ್ಪಿಸಿ ಸಂಜೆ ಬಸ್ಸು ಹಿಡಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗೆ ಮಾಡುವವರು ಗಡಿಯ ಎರಡೂ ಬದಿಗೆ ಇದ್ದಾರೆ. ಮಗು ‘ನೀರ’ ಎಂದಾಗ ಅದು ‘ಪಾಣಿ’ ಎಂದು ತಿದ್ದಿ ಮುಂದಕ್ಕೆ ಹೋಗುವುದು ಸುಲಭ. ಆ ಮಗುವಿನ ಅಂಗಳಕ್ಕೆ ಹೋಗಿ ಕೂತು, ಅವ್ವ ಹೇಗೆ ಮಾತಾಡುತ್ತಾಳೆ, ಅಜ್ಜಿ ಯಾವ ಹಾಡು ಹೇಳುತ್ತಾಳೆ ಎಂದು ಕಿವಿಗೊಟ್ಟು ಕಲಿಯಲು ತಿಂಗಳುಗಟ್ಟಲೆ ಬೇಕು, ಅದಕ್ಕೆ ಸಂಬಳದಲ್ಲಿ ಒಂದು ರೂಪಾಯಿಯೂ ಏರುವುದಿಲ್ಲ. ಕಲಿತ ಮೇಲೆ ಅವರು ಒಂದರಿಂದ ನಾಲ್ಕನೇ ತರಗತಿಯ ಪಠ್ಯಗಳನ್ನು ಆ ಮಕ್ಕಳ ಮಾತಿಗೆ ತಂದರು. ಚೌಕ ಬಂದದ್ದು ಆಮೇಲೆ.

ಚೌಕವನ್ನು ಕಂಡುಹಿಡಿದದ್ದು ಜಪಾನಿನಲ್ಲಿ. 1994ರಲ್ಲಿ ಡೆನ್ಸೋ ವೇವ್ ಕಂಪನಿಯ ಮಸಾಹಿರೋ ಹಾರಾ ಎಂಬ ಎಂಜಿನಿಯರ್ ಮತ್ತವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲೆಂದು ಅದನ್ನು ರೂಪಿಸಿತು. ಹಳೆಯ ಬಾರ್‌ಕೋಡಿನಲ್ಲಿ ಇಪ್ಪತ್ತು ಅಕ್ಷರ ಹಿಡಿಸುವುದೇ ದೊಡ್ಡದಾಗಿತ್ತು. ಹಾರಾ ‘ಗೋ’ ಎಂಬ ಕಪ್ಪು-ಬಿಳಿ ಕಾಯಿಗಳ ಆಟ ಆಡುವಾಗ, ಅಡ್ಡಕ್ಕೂ ಉದ್ದಕ್ಕೂ ಮಾಹಿತಿ ತುಂಬಬಹುದೆಂದು ಹೊಳೆಯಿತು. ಮೂರು ಮೂಲೆಗಳಲ್ಲಿ ಕಾಣುವ ದೊಡ್ಡ ಚೌಕಗಳು ಕ್ಯಾಮೆರಾಗೆ ದಿಕ್ಕು ತೋರಿಸುತ್ತವೆ. ಫೋನನ್ನು ಹೇಗೆ ಹಿಡಿದರೂ ಓದಿಕೊಳ್ಳುವುದು ಅದಕ್ಕೇ. ಒಳಗಿನ ಮಾಹಿತಿಯನ್ನು ಪುನರುಕ್ತಿಯೊಂದಿಗೆ ತುಂಬುವುದರಿಂದ ಶೇಕಡಾ 30ರಷ್ಟು ಭಾಗ ಹಾಳಾದರೂ ಚೌಕ ಕೆಲಸ ಮಾಡುವಂತೆ ಮುದ್ರಿಸಬಹುದು. ಕಾರ್ಖಾನೆಯ ಎಣ್ಣೆ, ಕೊಳೆಗೆ ತಡೆಯಲೆಂದು ಮಾಡಿದ ಆ ಗುಣವೇ ವಡಾಪಾವ್ ಗಾಡಿಯ ಮೇಲೂ ನಾಲ್ಕನೇ ತರಗತಿಯ ಹುಡುಗನ ಪುಸ್ತಕದಲ್ಲೂ ಅದನ್ನು ಬದುಕಿಸಿದೆ. ಕಂಪನಿ ತನ್ನ ಪೇಟೆಂಟ್ ಹಕ್ಕನ್ನು ಜಾರಿ ಮಾಡಲಿಲ್ಲ. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಆ ಒಂದು ಔದಾರ್ಯ ಇರದಿದ್ದರೆ ಪರಿತೇವಾಡಿಯಂಥ ಊರಿನ ಮೇಷ್ಟರ ಕೈಗೆ ಅದು ಸಿಗುತ್ತಿರಲಿಲ್ಲ.

ಮುಂಬಯಿಯ ಬೀದಿಗಾಡಿಗಳಲ್ಲಿ ಈ ಚೌಕ ಸಾಮಾನ್ಯವಾಗುವ ಮುಂಚೆಯೇ ಪರಿತೇವಾಡಿಯ ಮಕ್ಕಳ ಪುಸ್ತಕದ ಹಾಳೆಗಳಲ್ಲಿ ಅದು ಅಂಟಿತ್ತು. ಒಂದೊಂದು ಪಾಠಕ್ಕೆ ಒಂದೊಂದು ಚೌಕ. ಒಂದರಲ್ಲಿ ಪದ್ಯದ ಹಾಡುಗಾರಿಕೆ, ಇನ್ನೊಂದರಲ್ಲಿ ಪಾಠದ ವಿಡಿಯೊ, ಮತ್ತೊಂದರಲ್ಲಿ ಕತೆ, ಅಭ್ಯಾಸ. ಮನೆಯಲ್ಲಿ ಫೋನ್ ಹಿಡಿದರೆ ಮೇಷ್ಟರ ದನಿ ಬರುತ್ತದೆ. ಶಾಲೆ ತಪ್ಪಿಸಿಕೊಂಡ ಹುಡುಗಿಗೆ ಪಾಠ ತಪ್ಪುವುದಿಲ್ಲ. ಓದಲು ಬಾರದ ತಾಯಿಗೂ ಅದು ಕೇಳಿಸುತ್ತದೆ. ನನಗೆ ಇದರಲ್ಲಿ ತುಂಬ ದೊಡ್ಡದೆನಿಸುವುದು ಈ ಕೊನೆಯ ಮಾತು. ಶಾಲೆಯೊಳಗೆ ಏನು ನಡೆಯುತ್ತದೆ ಎಂಬುದು ಅಕ್ಷರ ಬಾರದ ತಂದೆತಾಯಿಗೆ ಮುಚ್ಚಿದ ಬಾಗಿಲಿನ ಹಾಗೆ. ಪುಸ್ತಕ ಮಾತಾಡಿದಾಗ, ಅದೂ ಮನೆಯ ಮಾತಿನಲ್ಲಿ ಮಾತಾಡಿದಾಗ, ಮಗಳನ್ನು ಯಾಕೆ ಓದಿಸಬೇಕು ಎಂಬ ಪ್ರಶ್ನೆಯನ್ನು ಮೇಷ್ಟರು ವಾದ ಮಾಡಿ ಗೆಲ್ಲಬೇಕಾಗಿ ಬರಲಿಲ್ಲ. ಹಾಜರಿ ನೂರಕ್ಕೆ ನೂರು ಮುಟ್ಟಿತು. ಊರಿನಲ್ಲಿ ಬಾಲ್ಯವಿವಾಹ ನಿಂತಿತು. ಜಿಲ್ಲೆಯ ಅತ್ಯುತ್ತಮ ಶಾಲೆ ಎಂಬ ಗೌರವ ಸಿಕ್ಕಿತು.

ಆ ಕಾಲದ ಮಹಾರಾಷ್ಟ್ರವನ್ನೂ ನೆನೆಯಬೇಕು. ಒಬ್ಬರೇ ಮೇಲೆದ್ದು ಬಂದ ಕತೆ ಇದಲ್ಲ. ಜಿಲ್ಲಾ ಪರಿಷತ್ ಶಾಲೆಗಳಲ್ಲಿ ‘ತಂತ್ರಸ್ನೇಹಿ ಶಿಕ್ಷಕ’ ಎಂಬ ಮಾತು ಆ ವರ್ಷಗಳಲ್ಲಿ ಎಲ್ಲರ ಬಾಯಲ್ಲಿತ್ತು. ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನ ಪಷ್ಟೇಪಾಡಾ ಎಂಬ ಆದಿವಾಸಿ ಹಾಡಿಯಲ್ಲಿ ಸಂದೀಪ್ ಗುಂಡ ಎಂಬ ಶಿಕ್ಷಕರು ಡಿಜಿಟಲ್ ಶಾಲೆ ಕಟ್ಟಿ ತೋರಿಸಿದ್ದರು. ನೋಡಲು ಬೇರೆ ಜಿಲ್ಲೆಯ ಶಿಕ್ಷಕರು ಬರುತ್ತಿದ್ದರು. ಕರ್ನಾಟಕದಲ್ಲೂ ಸುಮಾರು ಅದೇ ಕಾಲಕ್ಕೆ ಪ್ರೌಢಶಾಲೆಯ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆ ಎಂಬ ಬಳಗದಲ್ಲಿ ಕೂಡಿ, ತಮ್ಮ ಪಾಠದ ಸಾಮಗ್ರಿಯನ್ನು ತಾವೇ ಕನ್ನಡದಲ್ಲಿ ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿ ಹಂಚಿದ್ದರು. ಇತ್ತ ಮುಂಬಯಿ ಪಾಲಿಕೆ 2015ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಟ್ಯಾಬ್ ಹಂಚಿತು. ಚೀಲದ ಭಾರ ಇಳಿಯಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಮೇಲಿನಿಂದ ಇಳಿದುಬಂದ ಉಪಕರಣಕ್ಕೂ ಕೆಳಗಿನಿಂದ ಬೆಳೆದು ಬಂದ ಉಪಾಯಕ್ಕೂ ವ್ಯತ್ಯಾಸವಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಟ್ಯಾಬಿನಲ್ಲಿ ಏನು ತುಂಬಬೇಕೆಂದು ಅದನ್ನು ಪೂರೈಸಿದವರು ತೀರ್ಮಾನಿಸಿರುತ್ತಾರೆ. ಪರಿತೇವಾಡಿಯ ಚೌಕದೊಳಗೆ ಏನಿರಬೇಕೆಂದು ತೀರ್ಮಾನಿಸಿದ್ದು ಆ ಮಕ್ಕಳ ಮುಂದೆ ದಿನವೂ ನಿಲ್ಲುವ ಶಿಕ್ಷಕ.

ಒಬ್ಬ ಶಿಕ್ಷಕನ ಉಪಾಯ ಒಂದು ಶಾಲೆಯ ಗೋಡೆ ದಾಟುವುದು ಹೇಗೆ? ನಮ್ಮಲ್ಲಿ ಹೆಚ್ಚಿನವು ದಾಟುವುದೇ ಇಲ್ಲ. ವರ್ಗಾವಣೆಯಾದರೆ ಉಪಾಯವೂ ಮೇಷ್ಟರ ಟ್ರಂಕಿನೊಳಗೆ ಸೇರಿ ಊರು ಬಿಡುತ್ತದೆ. ಡಿಸಲೆ ತಮ್ಮ ಪುಸ್ತಕಗಳನ್ನು ಹಿಡಿದು ರಾಜ್ಯದ ಶಿಕ್ಷಣ ಇಲಾಖೆಗೆ ಪ್ರಸ್ತಾವ ಇಟ್ಟರು. ಇಲಾಖೆ ಮೊದಲು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿತು. 2017ರಲ್ಲಿ ರಾಜ್ಯದ ಎಲ್ಲ ತರಗತಿಗಳ ಪಠ್ಯಪುಸ್ತಕಗಳಿಗೂ ಕ್ಯೂಆರ್ ಕೋಡ್ ಬರುತ್ತದೆ ಎಂದು ಪ್ರಕಟಿಸಿತು. ಅದೇ ವರ್ಷ ಸೆಪ್ಟೆಂಬರ್ 5ರಂದು ಡಿಜಿಟಲ್ ಪಾಠಗಳಿಗೆಂದು ಕೇಂದ್ರದ ದೀಕ್ಷಾ ವೇದಿಕೆ ಶುರುವಾಯಿತು. 2018ರಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಇದೇ ವ್ಯವಸ್ಥೆ ಬರುವುದೆಂದು ಕೇಂದ್ರ ಸರಕಾರ ಹೇಳಿತು. ಈಗ ದೇಶದ ಹೆಚ್ಚಿನ ಕಡೆ ಸರಕಾರಿ ಶಾಲೆಯ ಚೀಲ ತೆರೆದರೆ ಪಾಠದ ಮಗ್ಗುಲಿಗೆ ಚೌಕ ಸಿಗುತ್ತದೆ.

ಇಲ್ಲಿ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಒಂದು ಸಂಗತಿ ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಹುಟ್ಟಿದ್ದು 1967ರಲ್ಲಿ, ಪುಣೆಯಲ್ಲಿ. ಅದು ಹಲವು ಭಾಷೆಗಳಲ್ಲಿ ಪುಸ್ತಕ ಅಚ್ಚು ಹಾಕುತ್ತದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಶಾಲೆಗಳಿಗೂ ಮುಂಬಯಿಯ ಕನ್ನಡ ಶಾಲೆಗಳಿಗೂ ಹೋಗುವ ಕನ್ನಡ ಬಾಲಭಾರತಿ ಅಚ್ಚಾಗುವುದು ಅಲ್ಲಿಂದಲೇ. ಕನ್ನಡ ಆಡುವ ಮಕ್ಕಳಿಗೋಸ್ಕರ ಒಬ್ಬ ಮರಾಠಿ ಮೇಷ್ಟರು ಹುಡುಕಿದ ದಾರಿ, ಸುತ್ತಿ ಬಳಸಿ ಪುಣೆಯ ಅಚ್ಚಿನ ಮನೆಗೆ ಹೋಗಿ, ರಾಜ್ಯದ ಎಲ್ಲ ಭಾಷೆಗಳ ಮಕ್ಕಳ ಪಾಲಾಯಿತು.

ಡಿಸಲೆ ಅಲ್ಲಿಗೆ ನಿಲ್ಲಲಿಲ್ಲ. 2016ರಲ್ಲಿ ಮೈಕ್ರೋಸಾಫ್ಟ್ ತನ್ನ ನವೀನ ಶಿಕ್ಷಕರ ಬಳಗಕ್ಕೆ ಅವರನ್ನು ಸೇರಿಸಿಕೊಂಡಿತು. ಆ ಕಂಪನಿಯ ಮುಖ್ಯಸ್ಥ ಸತ್ಯ ನಾಡೆಲ್ಲಾ ತಮ್ಮ ‘ಹಿಟ್ ರಿಫ್ರೆಶ್’ ಪುಸ್ತಕದಲ್ಲಿ ಅವರ ಕೆಲಸವನ್ನು ಹೆಸರಿಸಿದರು. ಮನೆಯಲ್ಲೇ ಕಟ್ಟಿಕೊಂಡ ಪ್ರಯೋಗಾಲಯದಿಂದ ಸ್ಕೈಪ್ ಮೂಲಕ 83 ದೇಶಗಳ ಮಕ್ಕಳಿಗೆ ವಿಜ್ಞಾನದ ಪ್ರಯೋಗ ತೋರಿಸಿದರು. ‘ಗಡಿಗಳನ್ನು ದಾಟೋಣ’ ಎಂಬ ಅವರ ಯೋಜನೆಯಲ್ಲಿ ಭಾರತ-ಪಾಕಿಸ್ತಾನ, ಇಸ್ರೇಲ್-ಪ್ಯಾಲೆಸ್ಟೈನ್, ಇರಾನ್-ಇರಾಕ್‌ನಂಥ ದೇಶಗಳ ಮಕ್ಕಳನ್ನು ಜೋಡಿ ಮಾಡಿ ಆರು ವಾರ ಮಾತಿಗೆ ಬಿಡುತ್ತಿದ್ದರು. ಬರಗಾಲದ ಆ ಸೀಮೆಯಲ್ಲಿ ಮಕ್ಕಳೊಂದಿಗೆ ಸೇರಿ ಹಸಿರು ಬೆಳೆಸಿದ್ದಕ್ಕೆ ಶಾಲೆಗೆ 2018ರಲ್ಲಿ ವಿಪ್ರೋದ ಪ್ರಶಸ್ತಿ ಬಂದಿತು. ಕಟ್ಟಡದ ಗೋಡೆ ಬಿರುಕು ಬಿಟ್ಟಿದ್ದ ಶಾಲೆಯೊಂದರಿಂದ ಇಷ್ಟೆಲ್ಲ.

2020ರ ಏಪ್ರಿಲ್ 14ರ ಮಧ್ಯಾಹ್ನವನ್ನು ಬಾಂದ್ರಾ ಮರೆಯಲಾರದು. ಲಾಕ್‌ಡೌನ್ ಮೇ 3ರ ತನಕ ಮುಂದುವರಿಯುತ್ತದೆಂದು ಅಂದು ಬೆಳಗ್ಗೆಯಷ್ಟೇ ಪ್ರಧಾನಿ ಹೇಳಿದ್ದರು. ಊರಿಗೆ ರೈಲು ಬಿಡುತ್ತಾರಂತೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಿ, ಸಾವಿರಕ್ಕೂ ಹೆಚ್ಚು ಕಾರ್ಮಿಕರು ಪಶ್ಚಿಮದ ನಿಲ್ದಾಣದೆದುರು ಮಸೀದಿಯ ಬಳಿ ನೆರೆದರು. ರೈಲು ಇರಲಿಲ್ಲ. ಪೊಲೀಸರು ಲಾಠಿ ಬೀಸಿ ಜನರನ್ನು ಚದುರಿಸಿದರು. ಅದೇ ತಿಂಗಳುಗಳಲ್ಲಿ ಅದೇ ಫೋನು ಶಾಲೆಯೂ ಆಗಿತ್ತು. ಕಬ್ಬಿಣದ ಏಣಿಯ ಮನೆಗಳಲ್ಲಿ ಮೂವರು ಮಕ್ಕಳಿಗೆ ಒಂದು ಫೋನು. ಅಣ್ಣನ ತರಗತಿ ಮುಗಿಯುವ ತನಕ ತಂಗಿ ಕಾಯಬೇಕು; ಅಪ್ಪನಿಗೆ ಕೆಲಸದ ಕರೆ ಬಂದರೆ ಅಣ್ಣನದೂ ನಿಲ್ಲಬೇಕು. ಮುಂಬಯಿಯಲ್ಲಿ ಒಂದರಿಂದ ಏಳನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಡಿಸೆಂಬರ್ 15ರಂದು. ಒಂದನೇ ತರಗತಿಗೆ ಸೇರಿದ ಮಗು ಎರಡನೆಯದಕ್ಕೆ ಹೋಗಿ ಅರ್ಧ ವರ್ಷ ಕಳೆದ ಮೇಲೆ ತನ್ನ ಟೀಚರನ್ನು ಎದುರಿಗೆ ನೋಡಿತು. ಆ ದಿನಗಳಲ್ಲಿ ಟೀಚರುಗಳು ವಾಟ್ಸಾಪ್ ಗುಂಪು ಕಟ್ಟಿ, ರಾತ್ರಿ ಹತ್ತಕ್ಕೆ ಅಪ್ಪ ಫೋನಿನೊಂದಿಗೆ ಮನೆಗೆ ಬಂದ ಮೇಲೆ ನೋಡಲಿ ಎಂದು ಪಾಠವನ್ನು ಧ್ವನಿಯಲ್ಲಿ ಕಳಿಸುತ್ತಿದ್ದರು. ಅವರಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ. ತಂತ್ರಜ್ಞಾನದ ನಾಯಕತ್ವ ಎಂಬ ದೊಡ್ಡ ಮಾತಿಗೆ ತಕ್ಕ ಕೆಲಸವೆಂದರೆ ನನ್ನ ಕಣ್ಣಿಗೆ ಅದೇ.

2020ರಲ್ಲೇ, ಡಿಸೆಂಬರ್ 3ರಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಿಂದ ನೇರಪ್ರಸಾರವಾದ ಸಮಾರಂಭದಲ್ಲಿ ನಟ ಸ್ಟೀಫನ್ ಫ್ರೈ ಒಂದು ಹೆಸರು ಓದಿದರು. ವಾರ್ಕಿ ಪ್ರತಿಷ್ಠಾನ ಯುನೆಸ್ಕೋ ಜೊತೆಗೂಡಿ ಕೊಡುವ ಜಾಗತಿಕ ಶಿಕ್ಷಕ ಪ್ರಶಸ್ತಿಗೆ 140ಕ್ಕೂ ಹೆಚ್ಚು ದೇಶಗಳಿಂದ 12,000ಕ್ಕೂ ಮಿಕ್ಕಿ ಹೆಸರುಗಳು ಬಂದಿದ್ದವು. ಕೊನೆಯ ಹತ್ತರಲ್ಲಿ ಉಳಿದವರಲ್ಲಿ ರಣಜಿತ್‌ಸಿಂಹ ಡಿಸಲೆ ಗೆದ್ದರು. ಮೊತ್ತ ಹತ್ತು ಲಕ್ಷ ಡಾಲರ್, ಅಂದಿನ ಲೆಕ್ಕಕ್ಕೆ ಏಳು ಕೋಟಿ ರೂಪಾಯಿಗೂ ಮೇಲೆ. ಆ ಗಳಿಗೆಯಲ್ಲೇ ಅವರು ಅರ್ಧ ಹಣವನ್ನು ಉಳಿದ ಒಂಬತ್ತು ಜನರಿಗೆ ಹಂಚುವುದಾಗಿ ಹೇಳಿದರು. ಇಟಲಿಯ ಕಾರ್ಲೊ ಮಟ್ಸೋನೆ, ಬ್ರಿಟನ್ನಿನ ಜೇಮಿ ಫ್ರಾಸ್ಟ್, ಮಲೇಷ್ಯಾದ ಸ್ಯಾಮ್ಯುಯೆಲ್ ಇಸಾಯ, ವಿಯೆಟ್ನಾಮಿನ ಹಾ ಆನ್ ಫುವಾಂಗ್ ಇವರೆಲ್ಲ ಆ ಪಟ್ಟಿಯಲ್ಲಿದ್ದರು. ಒಬ್ಬೊಬ್ಬರಿಗೂ ಸುಮಾರು 55,000 ಡಾಲರ್. ಆ ಪ್ರಶಸ್ತಿಯ ಚರಿತ್ರೆಯಲ್ಲಿ ಹಾಗೆ ಹಂಚಿದವರು ಅವರೇ ಮೊದಲಿಗರು. ಒಬ್ಬ ಜಿಲ್ಲಾ ಪರಿಷತ್ ಶಿಕ್ಷಕನ ಸಂಬಳದಲ್ಲಿ ಬದುಕುವ ಮನೆಗೆ ಮೂರೂವರೆ ಕೋಟಿ ಅಂದರೆ ಏನೆಂದು ಗೊತ್ತಿದ್ದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ತನ್ನೊಬ್ಬನ ಗೆಲುವೆಂದು ಅವರು ಅದನ್ನು ಎಣಿಸಲಿಲ್ಲ; ಎಲ್ಲೋ ಬ್ರೆಜಿಲ್, ನೈಜೀರಿಯಾದ ತರಗತಿಯಲ್ಲಿ ನಿಂತವರೂ ತನ್ನ ಸಹೋದ್ಯೋಗಿಗಳೇ ಎಂದುಕೊಂಡರು.

ಆಮೇಲಿನ ದಾರಿ ಅಷ್ಟು ಸಲೀಸಾಗಿರಲಿಲ್ಲ. 2021ರಲ್ಲಿ ವಿಶ್ವಬ್ಯಾಂಕ್ ಅವರನ್ನು ಶಿಕ್ಷಣ ಸಲಹೆಗಾರರಲ್ಲಿ ಒಬ್ಬರನ್ನಾಗಿ ಆರಿಸಿತು. ಫುಲ್‌ಬ್ರೈಟ್ ಫೆಲೋಶಿಪ್ ಸಿಕ್ಕಿತು. 2022ರ ಜನವರಿಯಲ್ಲಿ ಆ ಅಧ್ಯಯನಕ್ಕೆ ರಜೆ ಕೊಡುವ ವಿಚಾರ ಕಗ್ಗಂಟಾಗಿ, ಪತ್ರಿಕೆಗಳಲ್ಲಿ ಬಂದು, ಆಗಿನ ಶಿಕ್ಷಣ ಸಚಿವೆ ವರ್ಷಾ ಗಾಯಕವಾಡ್ ಮಧ್ಯೆ ಬಂದು ರಜೆ ಕೊಡಲು ಹೇಳಬೇಕಾಯಿತು. ಇದರಲ್ಲಿ ಯಾರು ಸರಿ ಎಂಬ ವಾದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಒಳ್ಳೆಯ ಶಿಕ್ಷಕ ನಾಯಕನಾದ ಮೇಲೆ ಅವನನ್ನು ಜಗತ್ತು ಕರೆಯುತ್ತದೆ. ಕರೆದಷ್ಟೂ ತರಗತಿಯಿಂದ ದೂರವಾಗಬೇಕಾಗುತ್ತದೆ. ಮಗುವಿನ ಮುಂದೆ ಅಂದು ಹಾಜರಿ ಪುಸ್ತಕ ಹಿಡಿಯುವವರು ಯಾರು? ನಮ್ಮ ಇಲಾಖೆಗಳಲ್ಲಿ ಇದಕ್ಕೊಂದು ಏರ್ಪಾಡಿಲ್ಲ. ಶಿಕ್ಷಕನಾಗಿದ್ದುಕೊಂಡೇ, ವಾರದಲ್ಲಿ ಒಂದಿಷ್ಟು ಹೊತ್ತು ಬೇರೆ ಶಿಕ್ಷಕರಿಗೆ ಕಲಿಸುವ ಹುದ್ದೆ ಇಲ್ಲ. ತರಗತಿಯಲ್ಲಿ ಉಳಿ, ಇಲ್ಲವೇ ಕಚೇರಿಗೆ ಬಾ ಎಂಬ ಎರಡೇ ಬಾಗಿಲು. ಇವೆರಡರ ನಡುವೆ ಒಂದು ಮೂರನೆಯ ಬಾಗಿಲು ಬೇಕು. ಡಿಸಲೆಯವರ ಕತೆಯಿಂದ ಇಲಾಖೆ ಕಲಿಯಬೇಕಾದದ್ದು ಕ್ಯೂಆರ್ ಕೋಡಿಗಿಂತ ಹೆಚ್ಚಾಗಿ ಇದನ್ನೇ.

ಈಗ ಬಿಕೆಸಿಯಲ್ಲಿ ನೆಲದಡಿ ಮೆಟ್ರೋ ಓಡುತ್ತಿದೆ. ಆರೆಯಿಂದ ಇಲ್ಲಿಯವರೆಗಿನ ಮಾರ್ಗ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಪಕ್ಕದಲ್ಲೇ ಅಹಮದಾಬಾದಿನ ಬುಲೆಟ್ ರೈಲಿಗೆಂದು ಭೂಗತ ನಿಲ್ದಾಣ ಅಗೆಯುತ್ತಿದ್ದಾರೆ. ಇಂಥ ಕಾಮಗಾರಿಗಳಿಗೆ ಕಬ್ಬಿಣ ಕಟ್ಟಲು, ಜಲ್ಲಿ ಹೊರಲು ಬರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಹಳಬರು. ಭೀಮೆಯ ದಂಡೆಯವರೇ. ಸಂಜೆ ತಗಡಿನ ಬೇಲಿಯ ಹೊರಗೆ ಒಲೆ ಹೊತ್ತುತ್ತದೆ. ಒಂಬತ್ತು-ಹತ್ತು ವರ್ಷದ ಹುಡುಗಿಯೊಬ್ಬಳು ಬಾಲಭಾರತಿಯ ಮರಾಠಿ ಪುಸ್ತಕವನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿರುತ್ತಾಳೆ.

“ಅವ್ವಾ, ಫೋನ್ ಕೊಡು. ಇದನ್ನ ಹಿಡದ್ರ ಪಾಠ ಹೇಳ್ತದಂತ, ಟೀಚರ್ ಹೇಳ್ಯಾರ.”

“ಬ್ಯಾಲೆನ್ಸ್ ಇಲ್ಲ ನೋಡವ್ವ. ನಿಮ್ಮಪ್ಪ ಬಂದ ಮ್ಯಾಲೆ ಹಾಕಸ್ತಾನ.”

ಹುಡುಗಿ ಚೌಕದ ಮೇಲೆ ಬೆರಳಾಡಿಸುತ್ತಾಳೆ. ಅಪ್ಪ ಬಂದು ಬ್ಯಾಲೆನ್ಸ್ ಹಾಕಿಸಿ ಫೋನ್ ಹಿಡಿದರೂ ಅದರೊಳಗಿಂದ ಬರುವುದು ಶುದ್ಧ ಪುಣೆಯ ಮರಾಠಿ. ಅವಳಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಪರಿತೇವಾಡಿಯಲ್ಲಿ 2009ರಲ್ಲಿ ಆ ಮೇಷ್ಟರ ಎದುರಿಗಿದ್ದ ಪರಿಸ್ಥಿತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚೌಕ ಊರೂರಿಗೆ ಹೋಯಿತು. ಅದರ ಮೊದಲು ನಡೆದ ಕೆಲಸ, ಅಂದರೆ ಮಗುವಿನ ಮಾತನ್ನು ಮೇಷ್ಟರು ಕಲಿಯುವುದು, ಅದರ ಜೊತೆಗೆ ಹೋಗಲಿಲ್ಲ.

ಹೋಗುವಂತೆ ಮಾಡಬಹುದು. ಮುಂಬಯಿಯಲ್ಲಿ ಕನ್ನಡ ಬಲ್ಲ ಶಿಕ್ಷಕರಿಗೆ ಕೊರತೆಯಿಲ್ಲ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು ಈ ಉಪನಗರಗಳಲ್ಲೇ ಇದ್ದಾರೆ, ಸಂಜೆ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ತಪ್ಪದೆ ಬರುತ್ತಾರೆ. ಮೂರನೇ ತರಗತಿಯ ಮರಾಠಿ ಪರಿಸರ ಪಾಠದ ಒಂದು ಪುಟವನ್ನು ಯಾದಗಿರಿಯ ಕನ್ನಡದಲ್ಲಿ ಬಿಡಿಸಿ ಹೇಳಲು ಮೂರು ನಿಮಿಷ ಸಾಕು. ಆ ಹುಡುಗಿಯ ಅವ್ವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು ಕೇಳುತ್ತ ಮಾಡಿದರೆ ಇನ್ನೂ ಚೆಂದ. ಫೋನಿನಲ್ಲೇ ಧ್ವನಿ ಹಿಡಿಯಬಹುದು. ಚೌಕ ಮಾಡುವುದಕ್ಕೆ ಕಾಸು ಬೇಡ. ಸಣ್ಣ ಕಾಗದದಲ್ಲಿ ಅಚ್ಚು ಮಾಡಿಸಿ ಪುಟದ ಮೂಲೆಗೆ ಅಂಟಿಸಬೇಕು, ಅಷ್ಟೇ. ಒಮ್ಮೆ ಡೌನ್‌ಲೋಡ್ ಮಾಡಿ ಫೋನಿನಲ್ಲಿ ಇಟ್ಟುಕೊಟ್ಟರೆ ಬ್ಯಾಲೆನ್ಸ್ ಮುಗಿದ ದಿನವೂ ಅವಳು ಕೇಳಬಹುದು. ಮೊದಲು ಒಂದು ಪುಸ್ತಕ, ಒಂದು ಕಾಮಗಾರಿಯ ಮಕ್ಕಳು. ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚಿನ ಬೇಸಗೆ ರಜೆಯಲ್ಲಿ ಇಷ್ಟನ್ನು ಇಬ್ಬರು ಮೂವರು ಕೂತು ಮುಗಿಸಬಹುದು.